ನಾಯಿ ಸಾಕದ ಮಾವ

ಮಾವ ತೀರಿಕೊಂಡು ಹದಿನೈದು ದಿನವಾಯಿತು. ತೊಂಬತ್ತು ದಾಟಿತ್ತು. ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಇವತ್ತೋ ನಾಳೆಯೋ ಅಂತ ನೆಂಟರು ಮೂರು ಸಲ ಬಂದು, ಉಂಡು, ವಾಪಸು ಹೋಗಿದ್ದರು. ಯಾವ ಕೆಲಸವನ್ನೂ ಅವರು ಅವಸರದಲ್ಲಿ ಮಾಡಿದವರಲ್ಲ. ತಿಥಿಯ ದಿನ ಬಂದವರೆಲ್ಲ ಅವರ ಸಾಧುತನ, ದೇವರ ಮೇಲಿನ ಭಕ್ತಿ, ಮೆಣಸಿನ ಬಳ್ಳಿ ಹಬ್ಬಿಸುವುದರಲ್ಲಿದ್ದ ಅಚ್ಚುಕಟ್ಟು, ಇಂಥವನ್ನೆಲ್ಲ ಹೇಳಿದರು. ನಾಯಿಯ ವಿಷಯ ಯಾರೂ ಎತ್ತಲಿಲ್ಲ. ಅದು ಗೊತ್ತಿರುವವರು ಈಗ ನಾನೂ ಇನ್ನೊಬ್ಬಿಬ್ಬರೂ ಅಷ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ನನಗೆ ಸಂಬಂಧದಲ್ಲಿ ಏನೂ ಅಲ್ಲ, ಬೇಲಿಯಾಚೆ ಮನೆಯವರು. ನನ್ನ ಗಂಡ ಮಾವ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಎಚ್.ಡಿ. ಕೋಟೆ ಕಡೆಯವಳು. ಮದುವೆಯಾಗಿ ಕಬಿನಿ ಹೊಳೆ ದಾಟಿ ಮಲಯಾಳ ಸೀಮೆಯ ಪುಲ್ಪಳ್ಳಿಯ ಈ ಮೂಲೆಗೆ ಬಂದೆ. ಇಲ್ಲಿ ನಮ್ಮವರು ಮನೆಯಲ್ಲಿ ಕನ್ನಡ ಆಡುತ್ತಾರೆ, ಅಂಗಡಿಯಲ್ಲಿ ಮಲಯಾಳ, ಸಿಟ್ಟು ಬಂದರೆ ಎರಡೂ. ಬಂದ ಹೊಸದರಲ್ಲಿ ನನಗೆ ಗೊತ್ತಿದ್ದದ್ದು ಕನ್ನಡ ಒಂದೇ. ಹತ್ತನೆಯ ಕ್ಲಾಸು ಪಾಸಾಗಿದ್ದೇನೆ ಅನ್ನುವ ಜಂಬ ಬೇರೆ ಇತ್ತು.

ಆಗ ಮಾವನಿಗೆ ನಲವತ್ತರ ಹತ್ತಿರ. ತೆಳ್ಳಗೆ ಉದ್ದಕ್ಕೆ ಇದ್ದರು. ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಕೊಡೆಯನ್ನು ಮಡಿಸಿಯೇ ಹಿಡಿದು ನಡೆಯುತ್ತಿದ್ದರು. ಬಿಚ್ಚಬೇಕೋ ಬೇಡವೋ ಎಂದು ತೀರ್ಮಾನವಾಗುವ ಹೊತ್ತಿಗೆ ಮಳೆ ನಿಂತಿರುತ್ತಿತ್ತು. ಯಾರು ಏನು ಹೇಳಿದರೂ ಕಣ್ಣು ಅರ್ಧ ಮುಚ್ಚಿ ಪೂರ್ತಿ ಕೇಳುವರು. ಆಮೇಲೆ ದೋಸೆ ಮಗುಚುವ ಹಾಗೆ ಬಲಗೈ ಮಗುಚಿ, "ಸರಿ. ಇದಕ್ಕೊಂದು ಆ ಕಡೆ ಅಂತ ಅದೆಯಲ್ಲ, ಅದೇನು?" ಎಂದು ಕೇಳುವರು. ಹುಲ್ಲಿನ ಮಾಡು ತೆಗೆದು ಹೆಂಚು ಹಾಕಿಸುವುದೋ ಬೇಡವೋ ಎಂದು ಮೂರು ಮಳೆಗಾಲ ಯೋಚಿಸಿದ್ದರಂತೆ. ನಾಲ್ಕನೆಯದರಲ್ಲಿ ಮಾಡೇ ಕುಸಿದು ಬಿದ್ದು ವಿಷಯ ಇತ್ಯರ್ಥವಾಯಿತು. ಮಗಳಿಗೆ ಹೆಸರಿಡುವುದು ಎಷ್ಟು ತಡವಾಯಿತೆಂದರೆ ಶಾಲೆಗೆ ಸೇರಿಸಿದ ದಿನ ಹೆಡ್‌ಮಾಸ್ತರೇ ಒಂದು ಹೆಸರು ಬರೆದುಕೊಂಡರು. ಆ ಹೆಸರು ಮಾವನಿಗೆ ಹಿಡಿಸಿತೋ ಇಲ್ಲವೋ ಕೊನೆಗೂ ಗೊತ್ತಾಗಲಿಲ್ಲ. ಅವರ ಹೆಂಡತಿ, ನಾವು ಅತ್ತೆ ಅನ್ನುತ್ತಿದ್ದವರು, ಗಂಡನನ್ನು ಏನೂ ಕೇಳದೆ ಸಂಸಾರ ನಡೆಸುವುದನ್ನು ಬಹಳ ಹಿಂದೆಯೇ ಕಲಿತುಕೊಂಡಿದ್ದರು. ಆಡುಗಳನ್ನು ಮಾತ್ರ ಮಾವನಿಗೆ ಬಿಟ್ಟಿದ್ದರು.

ಎರಡೂವರೆ ಎಕರೆ ಕಾಫಿ, ಮೆಣಸು, ಒಂದಿಷ್ಟು ಮರಗೆಣಸು, ಎರಡು ಹಸು, ಎಂಟು ಆಡು. ಹಿತ್ತಲ ಬೇಲಿ ದಾಟಿದರೆ ಕಾಡು. ನಾನು ಬರುವುದಕ್ಕೆ ನಾಲ್ಕು ವರ್ಷ ಮುಂಚೆ, ಅತ್ತೆ ಗೆಣಸು ಕೀಳುತ್ತಿದ್ದಾಗ ಹತ್ತು ಮಾರು ಆಚೆಯಿಂದ ಚಿರತೆ ಒಂದು ಆಡನ್ನು ಎತ್ತಿಕೊಂಡು ಹೋಗಿತ್ತು, ಹಾಡುಹಗಲು. ಊರೆಲ್ಲ ಒಂದು ನಾಯಿ ಸಾಕಿ ಅಂದಿತು. ಮಾವ ವಿಚಾರಣೆ ಶುರು ಮಾಡಿದರು.

ಚಹಾ ಅಂಗಡಿಯವನನ್ನು ಕೇಳಿದರು, ಬಸ್ ಕಂಡಕ್ಟರನನ್ನು ಕೇಳಿದರು, ಪೂಜಾರಿಯನ್ನು ಕೇಳಿದರು. ಹೊಳೆ ದಾಟಿ ಹೋಗಿ ಕುರಿ ಕಾಯುವವರ ಹಟ್ಟಿಯಲ್ಲಿ ಒಂದಿಡೀ ದಿನ ಕೂತು ಅವರ ಕಾವಲು ನಾಯಿಯನ್ನು ನೋಡಿದರು. ನಾಯಿಯೂ ಅವರನ್ನು ನೋಡಿತು. ವಾಪಸು ಬಂದು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ, ಅದೇ ಕಷ್ಟ. ಕಾವಲು ನಾಯಿ ಅಂದರೆ ಮನೆಯ ಮುಂದೆ ಕಟ್ಟುವ ನಾಯಿಯಲ್ಲ. ಕಣ್ಣು ಬಿಡುವ ಮೊದಲೇ ಅದನ್ನು ಮಂದೆಯೊಳಗೆ ಬಿಡಬೇಕು, ತಾನೂ ಒಂದು ಕುರಿ ಅಂದುಕೊಂಡು ಬೆಳೆಯಬೇಕು. ಹಾಗೆ ಬೆಳೆಯದ ನಾಯಿ ತಾನೇ ಆಡಿಗೆ ಬಾಯಿ ಹಾಕುತ್ತದೆ. ಚಿರತೆಯ ಎದುರು ಒಂದು ನಾಯಿ ಸಾಲದು, ಮೂರಾದರೂ ಬೇಕು. ಎಂಟು ಆಡಿಗೆ ಮೂರು ನಾಯಿ ಕಾವಲಾದರೆ ಆ ಮೂರರ ಹೊಟ್ಟೆಗೆ ಆಡನ್ನೇ ಕೊಯ್ಯಬೇಕು. ಅದೂ ಅಲ್ಲದೆ ಚಿರತೆಗೆ ಆಡಿಗಿಂತ ನಾಯಿಯೇ ರುಚಿ. ಒಂದೇ ನಾಯಿ ತಂದರೆ ಚಿರತೆಗೆ ಕಾಗದ ಬರೆದು ಊಟಕ್ಕೆ ಕರೆದ ಹಾಗೆ. ಇದನ್ನೆಲ್ಲ ಬಂದ ಹೊಸದರಲ್ಲಿ ನನಗೂ ಹೇಳಿದಾಗ, ಹಾಗಾದರೆ ಬೇಡ ಅಂತಲೇ ಅಂದುಕೊಳ್ಳಿ ಎಂದೆ. ಬೇಡ ಅಂದರೆ ಆಡು ಹೋಗುತ್ತವಲ್ಲ, ಅದಕ್ಕೊಂದು ಆ ಕಡೆ ಅದೆಯಲ್ಲ ಅಂದರು. ನನಗೆ ತಲೆ ಚಿಟ್ಟು ಹಿಡಿಯಿತು.

ಅವರು ಕೇಳದೆ ಬಿಟ್ಟವರೇ ಇರಲಿಲ್ಲ. ಕಾಡಿನೊಳಗಿನ ಬುಡಕಟ್ಟು ಜನರ ಹಾಡಿಯಿಂದ ಹೊಳೆಗೆ, ಅಂಗಡಿಗೆ, ಕೂಲಿಗೆ ಹೋಗುವ ಕಾಲುದಾರಿ ಮಾವನ ಅಂಗಳಕ್ಕೆ ಅಂಟಿಕೊಂಡೇ ಇತ್ತು. ಹಾಡಿಯ ಜನ ಹಾದುಹೋಗುವಾಗಲೆಲ್ಲ ಜಗಲಿಯಿಂದ ಅದೇ ಪ್ರಶ್ನೆ ಬರುತ್ತಿತ್ತು. ಅವರು ನಡೆಯುವುದನ್ನು ನಿಲ್ಲಿಸದೆ ಬೇಕು ಅಂತಲೋ ಬೇಡ ಅಂತಲೋ ಹೇಳಿ ಹೋಗುವರು. ನಮ್ಮ ಅಜ್ಜಂದಿರು ಇಲ್ಲಿಗೆ ಬರುವ ಎಷ್ಟೋ ತಲೆಮಾರು ಮುಂಚಿನಿಂದ ಆ ಜನ ಇಲ್ಲಿದ್ದವರು. ನೆಲಕ್ಕೆ ಕಾಗದ ಮಾತ್ರ ಇರಲಿಲ್ಲ. ನಿನ್ನೆ ಮೊನ್ನೆ ಬಂದು ಕಾಡು ಕಡಿದವರಿಗೆ ಪಟ್ಟಯ, ಅಂದರೆ ಹಕ್ಕುಪತ್ರ, ಸಿಗುತ್ತಿತ್ತು. ಇವರನ್ನು ಕೇಳುವವರಿಲ್ಲ. ಮಾವ ಇವರ ಪರವಾಗಿ ಅರ್ಜಿ ಬರೆಯುತ್ತೇನೆಂದು ಒಪ್ಪಿಕೊಂಡಿದ್ದರು. ಒಂದು ಹಾಳೆಯ ಮೇಲೆ ಮೂವತ್ತೊಂದು ಹೆಸರು ಬರೆದರು, ಕನ್ನಡದಲ್ಲಿ, ಬೇರೆ ಬರೆಯಲು ಅವರಿಗೆ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುತ್ತೇನೆ ಅಂದವರ ಮುಂದೆ ರೈಟು, ಹೆದರಿಕೆಯಾಗುತ್ತದೆ ಅಂದವರ ಮುಂದೆ ಇಂಟು ಹಾಕಿದರು. ಮೇಲುಗಡೆ 'ಮನವಿ' ಎಂದು ಬರೆಯುವುದೋ 'ಬೇಡಿಕೆ' ಎಂದೋ, ಕಲ್ಪೆಟ್ಟಕ್ಕೆ ಕಳಿಸುವುದೋ ಕೋಳಿಕ್ಕೋಡಿಗೋ, ಇದು ತೀರ್ಮಾನವಾಗದೆ ಹಾಳೆಯ ತಲೆ ಖಾಲಿಯಾಗಿಯೇ ಉಳಿದಿತ್ತು.

ಅಷ್ಟರಲ್ಲಿ ನಕ್ಸಲರ ಗಲಾಟೆಯ ಕಾಲ ಬಂತು. ಹತ್ತಿರದ ಶಾಲೆಯನ್ನು ಮುಚ್ಚಿ ಪೊಲೀಸು ಕ್ಯಾಂಪು ಮಾಡಿದರು. ನಾಲ್ಕು ಹೆಸರು ಒಂದೇ ಕಾಗದದಲ್ಲಿದ್ದರೆ ಸಂಘ, ಎಂಟಿದ್ದರೆ ಪಿತೂರಿ ಅನ್ನುವ ಹಾಗಾಯಿತು. ಹಾಡಿಯಿಂದ ಇಬ್ಬರನ್ನು ವಿಚಾರಣೆಗೆಂದು ಕರೆದುಕೊಂಡು ಹೋದರು. ಒಬ್ಬ ಬಂದ. ಅವನಿಗೆ ಆಮೇಲೆ ಬಲಗೈಯಲ್ಲಿ ಕತ್ತಿ ಹಿಡಿಯಲು ಆಗಲಿಲ್ಲ. ಇನ್ನೊಬ್ಬನ ಸುದ್ದಿ ಬರಲಿಲ್ಲ. ಮಾವ ಆ ಹಾಳೆಯನ್ನು ಮಡಿಸಿ ತಗಡಿನ ಪೆಟ್ಟಿಗೆಯಲ್ಲಿ ಪಂಚೆಗಳ ಕೆಳಗೆ ಇಟ್ಟುಬಿಟ್ಟರು.

ಕ್ಯಾಂಪಿನವರು ಒಂದು ಉಪಾಯ ಕಂಡುಕೊಂಡಿದ್ದರು. ನಾಯಿ ಸಾಕಿದ ಮನೆಗಳಿಗೆ ದಿನಾ ಬೆಳಿಗ್ಗೆ ಹೋಗಿ, ನಾಯಿ ಎಷ್ಟು ಹೊತ್ತಿಗೆ ಬೊಗಳಿತು, ಯಾವ ದಿಕ್ಕಿಗೆ ಮುಖ ಮಾಡಿ ಬೊಗಳಿತು ಎಂದು ಕೇಳುವುದು. ಅದರ ಮೇಲೆ ಯಾರು ಹೋದರು ಯಾರು ಬಂದರು ಎಂದು ಲೆಕ್ಕ ಹಾಕಿ ನೇರ ಹಾಡಿಗೆ ಹೋಗುವುದು. ನಾಯಿಗೆ ಸಂಬಳವಿರಲಿಲ್ಲ, ಕೆಲಸ ಮಾತ್ರ ಪೊಲೀಸಿನದು. ಮನಸ್ಸು ಅಳುಕಿದವರು ತಮ್ಮ ನಾಯಿಗಳನ್ನು ದೂರದ ನೆಂಟರ ಮನೆಗೆ ಸಾಗಿಸತೊಡಗಿದರು. ಆಗ ನಾಯಿ ಇಲ್ಲದ ಮನೆಯ ಮೇಲೂ ಅನುಮಾನ ಶುರುವಾಯಿತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ಬಂದು ಮೂರು ತಿಂಗಳು, ಮನೆಯ ಗಂಡಸರು ಇಂಥದನ್ನು ಹೊಸ ಸೊಸೆಯ ಮುಂದೆ ಆಡುತ್ತಿರಲಿಲ್ಲ. ಹಾಡಿಯವರ ಹೆಸರಿನ ಪಟ್ಟಿ ಪೆಟ್ಟಿಗೆಯಲ್ಲಿ ಪಂಚೆಗಳ ಕೆಳಗಿದೆ ಎಂದಷ್ಟೇ ಅತ್ತೆ ಒಮ್ಮೆ ಹೇಳಿದ್ದರು.

ಒಂದು ದಿನ ಅಂಗಳದಲ್ಲಿ ಮೆಣಸು ಹರವುತ್ತಿದ್ದೆ. ಬಿಳಿ ಮುಂಡು, ಬಿಳಿ ಶರಟಿನವನೊಬ್ಬ ಬೇಲಿಯ ಹತ್ತಿರ ನಿಂತು, ಮಾವನ ಮನೆಯ ಕಡೆ ಕೈ ತೋರಿಸಿ, "ಅವಿಡೆ ಪಟ್ಟಿ ಉಂಡೋ?" ಅಂದ. ಉಂಡೋ ಅಂದರೆ ಉಂಟೋ ಎಂದು ಅಷ್ಟರಲ್ಲಿ ಕಲಿತಿದ್ದೆ. ಪಟ್ಟಿ ಅಂದರೆ ಪಟ್ಟಿಯೇ, ಅದನ್ನೇನು ಕಲಿಯುವುದು? ವಿಲೇಜ್ ಆಫೀಸಿನಿಂದ ಹಾಡಿಯವರ ಹೆಸರಿನ ಪಟ್ಟಿ ಕೇಳಿಕೊಂಡು ಬಂದಿದ್ದಾನೆ, ಕೊನೆಗೂ ಆ ಬಡಪಾಯಿಗಳಿಗೆ ಪಟ್ಟಯ ಸಿಗುತ್ತದೆ ಎಂದು ನನಗೆ ಖುಷಿಯೇ ಖುಷಿ.

"ಉಂಟು ಉಂಟು. ಪೆಟ್ಟಿಗೇಲಿ ಭದ್ರವಾಗಿ ಮಡಗವ್ರೆ" ಅಂದೆ.

ಅವನ ಹುಬ್ಬು ಮೇಲೇರಿತು. ಪೆಟ್ಟಿಯಲ್ಲೋ ಎಂದು ಇನ್ನೊಮ್ಮೆ ಕೇಳಿದ. ನನ್ನ ಕನ್ನಡ ಇವನಿಗೆ ತಿಳಿಯಿತಲ್ಲ ಎಂದು ಹಿಗ್ಗಿ, ಪಂಚೆ ತೋರಿಸಿ, ಅದರ ಅಡಿಯಲ್ಲಿ ಎಂದು ಕೈಸನ್ನೆಯನ್ನೂ ಮಾಡಿದೆ. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ಇದು ನನಗೆ ತಿಳಿದದ್ದು ಜೀಪು ಬಂದು ನಿಂತ ಮೇಲೆ.

ಎಸ್.ಐ. ಇಳಿದ, ಹಿಂದೆ ನಾಲ್ವರು ಪೊಲೀಸರು. ಬಿಳಿ ಮುಂಡಿನವನೂ ಅವರಲ್ಲಿ ಒಬ್ಬ. ಬೊಗಳಬಾರದೆಂದು ನಾಯಿಯನ್ನು ಪೆಟ್ಟಿಗೆಯಲ್ಲಿ ಬಟ್ಟೆಯ ಕೆಳಗೆ ಬಚ್ಚಿಟ್ಟ ಮನುಷ್ಯನನ್ನು ನೋಡಲು ಅವರೆಲ್ಲ ಬಂದಿದ್ದರು. ನಾಯಿ ಎಲ್ಲಿ ಎಂದು ಎಸ್.ಐ. ಕೇಳಿದ. ಮಾವ ಜಗಲಿಯಿಂದ ಎದ್ದು, ಇನ್ನೂ ಸಾಕಿಲ್ಲ, ನಾಲ್ಕು ವರ್ಷದಿಂದ ಯೋಚನೆಯಲ್ಲಿದ್ದೇನೆ ಎಂದು ವಿನಯದಿಂದ ಹೇಳಿದರು. ಪೆಟ್ಟಿಗೆ ತೆರೆಸಿದರು. ಪಂಚೆಗಳನ್ನು ಒಂದೊಂದೇ ಕೊಡವಿದರು. ನಾಯಿ ಬೀಳಲಿಲ್ಲ, ಹಾಳೆ ಬಿತ್ತು.

ಎಸ್.ಐ.ಗೆ ಕನ್ನಡ ಓದಲು ಬಾರದು. ಬಿಳಿ ಮುಂಡಿನವನು ನನ್ನನ್ನು ತೋರಿಸಿದ. ಬೇಲಿ ದಾಟಿ ಹೋಗಿ ಹಾಳೆ ಕೈಗೆ ತೆಗೆದುಕೊಂಡೆ. ಮೊದಲ ಹೆಸರು ಓದಿದೆ, ಹಾಡಿಯ ಮೂಪ್ಪನದು, ಅಂದರೆ ಅಲ್ಲಿನ ಯಜಮಾನನದು. ಮೂರನೆಯ ಹೆಸರಿಗೆ ಬರುವಷ್ಟರಲ್ಲಿ ನಾನು ಏನು ಮಾಡಿಬಿಟ್ಟೆ ಎಂದು ಹೊಳೆಯಿತು. ನಡುವೆ ಹೆಸರು ಹಾರಿಸೋಣವೆಂದರೆ ಬಿಳಿ ಮುಂಡಿನವನು ಸಾಲಿನ ಮೇಲೆ ಬೆರಳಿಟ್ಟು ಎಣಿಸುತ್ತಿದ್ದ. ಮೂವತ್ತೊಂದನ್ನೂ ಓದಿದೆ, ರೈಟು ಇಂಟು ಸಮೇತ. ನನ್ನ ಓದಿನ ಮೇಲೆ ಅಷ್ಟು ಹೇಸಿಗೆ ನನಗೆ ಯಾವತ್ತೂ ಆಗಿಲ್ಲ. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು.

ಇದು ಯಾರ ಹೆಸರು, ಯಾತಕ್ಕೆ ಬರೆದದ್ದು ಎಂದು ಎಸ್.ಐ. ಕೇಳಿದ. ಮಾವ ಕಣ್ಣು ಅರ್ಧ ಮುಚ್ಚಿದರು. ಅವರ ಮಲಯಾಳವನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ನಾಯಿದು ಸಾರ್. ನಾಯಿ ಸಾಕಬೇಕಾ ಬೇಡ್ವಾ ಅಂತ ಜನಾನ ಕೇಳ್ತಾ ಇದ್ದೀನಿ. ಬೇಕು ಅಂದೋರಿಗೆ ರೈಟು, ಬೇಡ ಅಂದೋರಿಗೆ ಇಂಟು. ಬೇಕು ಅಂದೋರೇ ಜಾಸ್ತಿ. ಆದ್ರೆ ಬೇಡ ಅಂದೋರಲ್ಲೂ ತಿಳಿದೋರು ಅವ್ರೆ, ಅದೇ ತೊಡಕು."

ಎಸ್.ಐ. ಅವರನ್ನೇ ನೋಡಿದ. ಪಕ್ಕದ ತೋಟದಲ್ಲಿ ಕೂಲಿ ಮಾಡುತ್ತಿದ್ದ ಹಾಡಿಯವರು ಮೂವರನ್ನು ಹಿಡಿದು ತರಿಸಿದ. ಅವರ ಜೊತೆ ಮಾತಾಡಲು ಮಾವನನ್ನು ಬಿಡಲಿಲ್ಲ. ಮೊದಲು ಮೂಪ್ಪ. ಈ ಮನುಷ್ಯ ನಿನ್ನನ್ನು ನಾಯಿಯ ಬಗ್ಗೆ ಏನಾದರೂ ಕೇಳಿದ್ದನೋ ಎಂದಾಗ ಮೂಪ್ಪ ನಿಟ್ಟುಸಿರು ಬಿಟ್ಟು, ಕೇಳದ ದಿನ ಯಾವುದು ಸಾಮಿ ಅಂದ. ತಾನು ಬೇಕು ಅಂದೆ ಅಂದ. ಹಾಳೆಯಲ್ಲಿ ರೈಟು ಇತ್ತು. ಎರಡನೆಯವಳು ಒಬ್ಬ ಹೆಂಗಸು. ಬೇಡವೇ ಬೇಡ ಅಂದೆ, ಚಿರತೆ ನಾಯಿ ಹುಡುಕಿಕೊಂಡು ಬರುತ್ತದೆ ಅಂದಳು. ಇಂಟು ಇತ್ತು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾಲ್ಕು ವರ್ಷ ನಿಜವಾಗಿಯೂ ಕೇಳಿದ್ದೇ ಅದು. ಗುರುತು ಸರಿಹೊಂದಿದ್ದು ಮಾತ್ರ ದೇವರ ದಯೆ. ಮೂರನೆಯವನ ಹೊತ್ತಿಗೆ ದೇವರು ಆಕಡೆ ತಿರುಗಿದ್ದ. ಅವನು ಬೇಕು ಅಂದ, ಹಾಳೆಯಲ್ಲಿ ಇಂಟು ಇತ್ತು.

ಎಸ್.ಐ. ಮಾವನ ಕಡೆ ತಿರುಗಿದ. ಮಾವ ಆ ಮೂರನೆಯವನನ್ನು ನೋಡಿ ಬೇಸರದಿಂದ ತಲೆ ಆಡಿಸಿದರು.

"ನೋಡಿ ಸಾರ್, ಹೋದ ತಿಂಗಳು ಬೇಡ ಅಂದಿದ್ದ. ಈಗ ಬೇಕು ಅಂತಾನೆ. ಜನ ಹಿಂಗೆ ಮಾತು ಬದಲಾಯಿಸಿದ್ರೆ ನಾನು ಯಾವ ಕಾಲಕ್ಕೆ ತೀರ್ಮಾನ ಮಾಡ್ಲಿ?"

ಜೇಬಿನಿಂದ ಪೆನ್ಸಿಲು ತೆಗೆದು, ಹಾಳೆ ಇಸಕೊಂಡು, ಇಂಟನ್ನು ಹೊಡೆದು ರೈಟು ಮಾಡಿದರು. ಆಮೇಲೆ ಪೆನ್ಸಿಲು ಹಾಗೇ ಹಿಡಿದುಕೊಂಡು, ಸಾರ್ ನಿಮ್ಮ ಅಭಿಪ್ರಾಯ ಏನು ಎಂದು ಎಸ್.ಐ.ಯನ್ನೇ ಕೇಳಿದರು. ಒಬ್ಬ ಪೊಲೀಸು ಕಿಸಕ್ಕನೆ ನಕ್ಕು ಕೆಮ್ಮಿದ. ಎಸ್.ಐ.ಯ ಮನೆಯಲ್ಲೂ ಹಸು ಕರು ಇದ್ದವಂತೆ. ಅವನು ಜಗಲಿಯ ಮೇಲೆ ಕೂತು, ಅತ್ತೆ ತಂದ ಕಾಫಿ ಕುಡಿದು, ಅರ್ಧ ಗಂಟೆ ನಾಯಿಯ ಬಗ್ಗೆ ಮಾತಾಡಿದ. ಬೇಕು ಅಂದ. ಮಾವ ಅವನ ಹೆಸರನ್ನು ಮೂವತ್ತೆರಡನೆಯದಾಗಿ ಬರೆದು ರೈಟು ಹಾಕಿದರು. ಹಾಡಿಯ ಜನರಿಗೆ ಪಟ್ಟಯ ಕೊಡಬೇಕೆಂಬ ಅರ್ಜಿಯಲ್ಲಿ ಪೊಲೀಸು ಅಧಿಕಾರಿಯೊಬ್ಬನ ಹೆಸರು ಸೇರಿದ್ದು ಹೀಗೆ. ಅರ್ಜಿ ಕಳಿಸುವ ಕಾಲ ಬಂದಾಗ ಅದನ್ನು ತೆಗೆಯುವುದೋ ಬಿಡುವುದೋ ಎಂದು ಮಾವ ಒಂದು ತಿಂಗಳು ಕೂತರು. ಕೊನೆಗೆ ತೆಗೆದರು. ಎಷ್ಟೋ ವರ್ಷದ ಮೇಲೆ ಕೆಲವರಿಗೆ ಪಟ್ಟಯ ಬಂತು, ಬಹಳ ಜನಕ್ಕೆ ಬರಲಿಲ್ಲ.

ಆದರೆ ಎಸ್.ಐ. ದಡ್ಡನಲ್ಲ. ಜೀಪು ಹತ್ತುವಾಗ ಕಾಲುದಾರಿಯನ್ನು ಹಾಡಿಯ ಕಡೆಗೊಮ್ಮೆ ಹೊಳೆಯ ಕಡೆಗೊಮ್ಮೆ ನೋಡಿದ. ದಾರಿ ಮೇಲಿನ ಮನೆ, ಇಲ್ಲಿ ನಾಯಿ ಇರಲೇಬೇಕು, ಕ್ಯಾಂಪಿನಿಂದಲೇ ಒಂದು ಕಳಿಸುತ್ತೇನೆ ಅಂದ. ಆ ನಾಯಿ ಯಾರ ಕಾವಲಿಗೆ ಅನ್ನುವುದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. 'ಆಗಲಿ ಸಾರ್, ನೋಡಾನ' ಅಂದರು ಮಾವ.

ವಾರದೊಳಗೆ ಪೊಲೀಸೊಬ್ಬ ಕಂದು ಮರಿಯೊಂದನ್ನು ಹಗ್ಗ ಕಟ್ಟಿ ತಂದ. ಮಾವ ಅದರ ಹಲ್ಲು ನೋಡಿದರು, ಕಿವಿ ನೋಡಿದರು, ತಾಯಿ ಎಂಥದು ಎಂದು ವಿಚಾರಿಸಿದರು. ಧನುರ್ಮಾಸದಲ್ಲಿ ಮನೆಗೆ ಪ್ರಾಣಿ ತರುವುದಿಲ್ಲ, ಕಳೆಯಲಿ ಅಂದರು. ಕಳೆದ ಮೇಲೆ ತಂದಾಗ ಮರಿ ದೊಡ್ಡದಾಗಿತ್ತು, ಆಡಿನ ಜೊತೆ ಬೆಳೆದಿಲ್ಲ, ಇನ್ನು ಕಲಿಯುವುದಿಲ್ಲ. ಇನ್ನೊಂದು ತಂದರು, ಅದು ತೀರಾ ಚಿಕ್ಕದು. ಮತ್ತೊಂದಕ್ಕೆ ಬಾಲ ಸರಿಯಿರಲಿಲ್ಲ. ಬೇಡ ಎಂದು ಒಮ್ಮೆಯೂ ಅನ್ನಲಿಲ್ಲ. ಕ್ಯಾಂಪಿನವರು ಅವರಿಗೆ 'ಪಟ್ಟಿ ಚೇಟ್ಟ', ನಾಯಿ ಅಣ್ಣ, ಎಂದು ಹೆಸರಿಟ್ಟರು. ದಾರಿಯಲ್ಲಿ ಕಂಡರೆ ತೀರ್ಮಾನ ಆಯಿತೋ ಎಂದು ಕೂಗುತ್ತಿದ್ದರು. ಮಾವ ಮಡಿಸಿದ ಕೊಡೆ ಎತ್ತಿ, ಇನ್ನೂ ಇಲ್ಲ ಎಂದು ಸನ್ನೆ ಮಾಡುತ್ತಿದ್ದರು. ಊರಿಗೂ ಅವರು ನಗೆಪಾಟಲಾದರು.

ಚಿರತೆ ಮಾತ್ರ ಯಾವ ಯೋಚನೆಯನ್ನೂ ಮಾಡಲಿಲ್ಲ. ಬಿದಿರಿನ ಕೊಟ್ಟಿಗೆಗೆ ಮಾವ ಮುಳ್ಳು ಕಟ್ಟಿದರು, ತಗಡಿನ ಡಬ್ಬ ನೇತುಹಾಕಿದರು. ಮೊದಲು ಎರಡು ಹೋದವು. ಮಳೆಗಾಲದಲ್ಲಿ ಇನ್ನೊಂದು, ಗಬ್ಬವಾಗಿತ್ತು. ಮರುವರ್ಷ ಒಂದೇ ತಿಂಗಳಲ್ಲಿ ಮೂರು. ಅತ್ತೆ ಒಂದು ದಿನ ಅಂಗಳದ ನಡುವೆ ನಿಂತು, ಬಿಟ್ಟಿ ನಾಯಿ ಬಾಗಿಲಿಗೆ ಬಂದರೂ ಕಟ್ಟಿಕೊಳ್ಳಲಾರದ ಗಂಡಸು ಇದ್ದೇನು ಪ್ರಯೋಜನ ಎಂದು ಬಾಯಿಗೆ ಬಂದ ಹಾಗೆ ಬೈದು, ಒಳಗೆ ಹೋಗಿ ಅತ್ತರು. ನನಗೆ ತಡೆಯಲಾಗಲಿಲ್ಲ. ಹೋಗಿ, ಪಟ್ಟಿ ಉಂಟು ಅಂದವಳು ನಾನೇ ಮಾವ, ನನ್ನಿಂದಲೇ ಇಷ್ಟೆಲ್ಲ ಆಯಿತು ಎಂದೆ. ಗೊತ್ತು, ನೀನೇನು ಸುಳ್ಳು ಹೇಳಲಿಲ್ಲವಲ್ಲ ಅಂದರು. ಒಂದು ನಾಯಿ ಇಟ್ಟುಕೊಂಡುಬಿಡಿ, ಇರುವ ಎರಡಾದರೂ ಉಳಿಯಲಿ ಎಂದು ಬೇಡಿಕೊಂಡೆ.

ಮಾವ ಕಾಲುದಾರಿಯ ಕಡೆ ಕೈ ತೋರಿಸಿದರು.

"ನಾಯಿಗೇನು ತಾಯಿ, ಯಾರು ಬಂದರೂ ಬೊಗಳ್ತದೆ. ಅದರ ಕೆಲಸ ಅಲ್ಲಿಗಾಯ್ತು. ಬೆಳಗಾದ್ರೆ ಅದು ಬೊಗಳಿದ್ದಕ್ಕೆ ಅರ್ಥ ಹೇಳ್ಬೇಕಾದೋನು ನಾನು. ಅದು ನನ್ನ ಕೈಲಾಗಲ್ಲ."

ಇವರು ತೀರ್ಮಾನ ಮಾಡಿ ಎಷ್ಟೋ ದಿನವಾಗಿದೆ, ಮೊದಲ ಮರಿಯ ಹಲ್ಲು ನೋಡುವ ಮುಂಚೆಯೇ ಆಗಿದೆ ಎಂದು ನನಗೆ ಆಗ ಗೊತ್ತಾಯಿತು. ಇಷ್ಟು ದಿನ ಇವರನ್ನು ನೋಡಿ ನಕ್ಕೆನಲ್ಲ ಎಂದು ನಾಚಿಕೆಯಾಯಿತು. ಅತ್ತೆಗೆ ಹೋಗಿ ಹೇಳಿದೆ. ಅತ್ತೆ ಕಣ್ಣೊರೆಸಿಕೊಂಡು, ನನಗೇನು ಗೊತ್ತಿಲ್ಲವೇ, ಬೈಯುವುದಾದರೂ ಬೇಡವೇ ಅಂದರು.

ಉಳಿದ ಎರಡೂ ಹೋದವು. ಕೊನೆಯದು ಬಿಳಿಯದು, ಮಾವನ ಹಿಂದೆಯೇ ತಿರುಗುತ್ತಿತ್ತು. ಅದು ಹೋದ ದಿನ ಅವರು ಕೊಟ್ಟಿಗೆಯನ್ನು ಗುಡಿಸಿ, ಮುಳ್ಳು ಬಿಚ್ಚಿ, ಡಬ್ಬಗಳನ್ನು ಇಳಿಸಿ ಒಂದು ಮೂಲೆಗಿಟ್ಟರು. ಊಟಕ್ಕೆ ಏಳಲಿಲ್ಲ. ಅದಾಗಿ ಒಂದು ತಿಂಗಳಿಗೆ ಕ್ಯಾಂಪು ಎತ್ತಿದರು. ಆ ಎರಡು ವರ್ಷದಲ್ಲಿ ನಮ್ಮ ದಾರಿಯ ಮೇಲೆ ನಡೆದ ಕಾರಣಕ್ಕೆ ಹಾಡಿಯಿಂದ ಒಬ್ಬರನ್ನೂ ಹಿಡಿದುಕೊಂಡು ಹೋಗಲು ಅವರಿಗೆ ಆಗಿರಲಿಲ್ಲ.

ಶಾಲೆ ಮತ್ತೆ ಶುರುವಾದ ವಾರ, ಬೆಳಿಗ್ಗೆ, ಮೂಪ್ಪ ಒಂದು ಹೆಣ್ಣು ಆಡಿನ ಮರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದು ಮಾವನ ಅಂಗಳದಲ್ಲಿ ಇಳಿಸಿದ. ಗೌಡ್ರು ಸಾಕ್ಕಳಿ ಅಂದ. ಮಾವ ಬೇಡ ಅಂದರು. ಇದೂ ಚಿರತೆಯ ಪಾಲಾಗುತ್ತದೆ, ನಾಯಿಯಿಲ್ಲದ ಮನೆಯಲ್ಲಿ ಇದನ್ನು ಕಾಯುವವರು ಯಾರು ಎಂದು ಕೇಳಿದರು.

"ನಾವು" ಅಂದ ಮೂಪ್ಪ. "ಇದೇ ದಾರೀಲಿ ಹೋಗ್ತಾ ಬರ್ತಾ ಇರ್ತೀವಲ್ಲ ಗೌಡ್ರೇ."

ಮಾವ ಹಗ್ಗ ಇಸಕೊಂಡು ಮರಿಯನ್ನು ಕೊಟ್ಟಿಗೆಗೆ ಕಟ್ಟಿದರು. ಅಂದಿನಿಂದ ಹಾಡಿಯವರು ಕಟ್ಟಿಗೆಗೆ ಹೋಗಲಿ, ಜೇನಿಗೆ ಹೋಗಲಿ, ಅಂಗಡಿಗೆ ಹೋಗಲಿ, ನೆಟ್ಟಗೆ ಹೋಗುವುದನ್ನು ಬಿಟ್ಟು ಮಾವನ ಹಿತ್ತಲನ್ನು ಒಂದು ಸುತ್ತು ಹಾಕಿ, ಬೇಲಿಗೆ ಕೋಲಿನಿಂದ ಬಡಿದು, ಜೋರಾಗಿ ಮಾತಾಡಿಕೊಂಡು ಹೋಗತೊಡಗಿದರು. ಆ ಆಡು ಆರು ಸಲ ಮರಿ ಹಾಕಿತು. ಆಮೇಲೆ ಹಲ್ಲುದುರಿ, ಮೆತ್ತನೆಯ ಎಲೆ ಹುಡುಕಿ ತಿನ್ನುತ್ತಾ ಎರಡು ವರ್ಷ ಬದುಕಿ, ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಮಲಗಿದ್ದದ್ದು ಏಳಲಿಲ್ಲ. ಈ ಕಾಡಂಚಿನಲ್ಲಿ ವಯಸ್ಸಾಗಿ ಸತ್ತ ಆಡು ನಾನು ಕಂಡದ್ದು ಅದೊಂದೇ.